ಒಂದೇ ತಂಡ, ಎರಡು ‘ಜಿಸೆಲ್’: ಇಂಗ್ಲಿಷ್ ನ್ಯಾಷನಲ್ ಬ್ಯಾಲೆಯ ಪರಂಪರೆ ಮತ್ತು ಹೊಸತನ

ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ತಂಡದ ಪ್ರಯೋಗಗಳ ಪಟ್ಟಿಯಲ್ಲಿ ‘ಜಿಸೆಲ್’ ಎಂಬ ಒಂದೇ ಹೆಸರಿನ ಎರಡು ಕೃತಿಗಳಿವೆ. ಒಂದು, ಮೇರಿ ಸ್ಕೀಪಿಂಗ್ ಎಂಬ ನೃತ್ಯ ನಿರ್ದೇಶಕಿ 19ನೇ ಶತಮಾನದ ದಾಖಲೆಗಳನ್ನು ಶೋಧಿಸಿ 1971ರಲ್ಲಿ ಈ ತಂಡಕ್ಕಾಗಿ ಕಟ್ಟಿಕೊಟ್ಟದ್ದು. ಇನ್ನೊಂದು, ಕಥಕ್ ನೃತ್ಯದಲ್ಲಿ ಪಳಗಿದ ಅಕ್ರಮ್ ಖಾನ್ ಅದೇ ಕಥೆಯನ್ನು ಮುಚ್ಚಿಹೋದ ಬಟ್ಟೆ ಕಾರ್ಖಾನೆಯ ವಲಸೆ ಕಾರ್ಮಿಕರ ನಡುವೆ ನಿಲ್ಲಿಸಿ 2016ರಲ್ಲಿ ಹೊಸದಾಗಿ ಸಂಯೋಜಿಸಿದ್ದು. ಹೊಸ ‘ಜಿಸೆಲ್’ ರಂಗಕ್ಕೆ ಬಂದ ನಾಲ್ಕೇ ತಿಂಗಳಲ್ಲಿ, 2017ರ ಜನವರಿಯಲ್ಲಿ, ತಂಡವು ಹಳೆಯದನ್ನೂ ಲಂಡನ್ನಿನ ಕೊಲಿಸಿಯಂ ರಂಗಮಂದಿರದಲ್ಲಿ ಪ್ರದರ್ಶಿಸಿತು; 2024–25ರ ಋತುವಿನಲ್ಲಿಯೂ ಎರಡನ್ನೂ ಆಡಿತು. ಹೊಸದು ಬಂದಿದೆಯೆಂದು ಹಳೆಯದನ್ನು ಅಟ್ಟಕ್ಕೇರಿಸಲಿಲ್ಲ, ಹಳೆಯದರ ಮೇಲಿನ ಗೌರವದಿಂದ ಹೊಸದನ್ನು ಮೆದುವಾಗಿಸಲೂ ಇಲ್ಲ.

ಪರಂಪರೆ ಮತ್ತು ಹೊಸತನಗಳ ಸಮತೋಲನ ಎಂಬ ಮಾತನ್ನು ಕಲಾಸಂಸ್ಥೆಗಳು ಬಹಳ ಸುಲಭವಾಗಿ ಆಡುತ್ತವೆ. ಅನೇಕ ಕಡೆ ಅದರ ಅರ್ಥ, ಹಳೆಯ ಕೃತಿಗೆ ಸ್ವಲ್ಪ ಹೊಸ ಬೆಳಕು, ಹೊಸ ಬಟ್ಟೆ, ಒಂದೆರಡು ಆಧುನಿಕ ಭಂಗಿಗಳನ್ನು ಸೇರಿಸಿ ಯಾರಿಗೂ ಬೇಸರವಾಗದಂತೆ ನೋಡಿಕೊಳ್ಳುವುದು ಎಂದಷ್ಟೇ ಆಗಿರುತ್ತದೆ. ಇಂಗ್ಲಿಷ್ ನ್ಯಾಷನಲ್ ಬ್ಯಾಲೆಯ ಇತಿಹಾಸ ತೋರಿಸುವುದು ಇದಕ್ಕಿಂತ ಕಷ್ಟದ ದಾರಿಯನ್ನು. ಹಳೆಯದನ್ನು ಹಳೆಯದಾಗಿಯೇ, ಪೂರ್ಣ ಶ್ರದ್ಧೆಯಿಂದ ಉಳಿಸಿಕೊಳ್ಳುವುದು, ಹೊಸದಕ್ಕೆ ಪೂರ್ಣ ಸ್ವಾತಂತ್ರ್ಯ ಕೊಡುವುದು, ಆಮೇಲೆ ಎರಡನ್ನೂ ಒಂದೇ ನರ್ತಕ ಸಮೂಹದ ಮೈಗೆ ಕಲಿಸುವುದು ಆ ದಾರಿ.

ಊರೂರು ಸುತ್ತಲೆಂದೇ ಹುಟ್ಟಿದ ತಂಡ

ಬ್ಯಾಲೆ ಎಂಬುದು ಯುರೋಪಿನ ಅರಮನೆಗಳ ವಿನೋದಗಳಿಂದ ಹುಟ್ಟಿ, ಫ್ರಾನ್ಸಿನಲ್ಲಿ ಶಾಸ್ತ್ರದ ರೂಪ ಪಡೆದು, ರಷ್ಯದಲ್ಲಿ ವೈಭವದ ಎತ್ತರಕ್ಕೇರಿದ ನೃತ್ಯಪ್ರಕಾರ. ಬ್ರಿಟನ್ನಿನಲ್ಲಿ ಅದಕ್ಕೆ ಸ್ವಂತ ಸಂಸ್ಥೆಗಳು ಬಂದದ್ದು 20ನೇ ಶತಮಾನದಲ್ಲಷ್ಟೇ. ಡಯಾಗಿಲೆವ್ ಅವರ ‘ಬ್ಯಾಲೆ ರೂಸ್’ ಎಂಬ ಪ್ರಸಿದ್ಧ ರಷ್ಯನ್ ತಂಡದಲ್ಲಿ ನರ್ತಿಸಿ ಬಂದಿದ್ದ ಅಲೀಶಿಯಾ ಮಾರ್ಕೋವಾ ಮತ್ತು ಆಂಟನ್ ಡೋಲಿನ್ ಅವರು, ಪ್ರದರ್ಶನಗಳ ವ್ಯವಸ್ಥಾಪಕ ಜೂಲಿಯನ್ ಬ್ರೌನ್ಸ್‌ವೆಗ್ ಅವರ ಜೊತೆ ಸೇರಿ 1950ರಲ್ಲಿ ಈ ತಂಡವನ್ನು ಕಟ್ಟಿದರು. ಯುದ್ಧದಿಂದ ಬಳಲಿದ ದೇಶಕ್ಕೆ ಹುರುಪು ತುಂಬಲು 1951ರಲ್ಲಿ ನಡೆಯಲಿದ್ದ ‘ಫೆಸ್ಟಿವಲ್ ಆಫ್ ಬ್ರಿಟನ್’ ಉತ್ಸವದ ಸ್ಫೂರ್ತಿಯಿಂದ ಅದಕ್ಕೆ ‘ಲಂಡನ್ ಫೆಸ್ಟಿವಲ್ ಬ್ಯಾಲೆ’ ಎಂದು ಹೆಸರಿಟ್ಟರು. ಈಗಿನ ಹೆಸರು ಬಂದದ್ದು 1989ರಲ್ಲಿ.

ಲಂಡನ್ನಿನ ರಾಯಲ್ ಬ್ಯಾಲೆಗೆ ಕೋವೆಂಟ್ ಗಾರ್ಡನ್‌ನ ಒಪೇರಾ ಮಂದಿರವೇ ಮನೆ. ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗೆ ಅಂಥ ಸ್ವಂತ ರಂಗಮಂದಿರವಿಲ್ಲ. ಮ್ಯಾಂಚೆಸ್ಟರ್, ಬ್ರಿಸ್ಟಲ್, ಸೌತಾಂಪ್ಟನ್ ಮುಂತಾದ ನಗರಗಳಿಗೆ ಲಾರಿಗಳಲ್ಲಿ ರಂಗಸಜ್ಜಿಕೆ ಹೇರಿಕೊಂಡು ಹೋಗಿ, ರಾಜಧಾನಿಗೆ ಬರಲಾಗದ ಪ್ರೇಕ್ಷಕರಿಗೂ ಉತ್ತಮ ಬ್ಯಾಲೆ ತೋರಿಸುವುದು ಅದರ ಹುಟ್ಟಿನ ಉದ್ದೇಶ. ಸರ್ಕಾರದ ಹಣವನ್ನು ಕಲೆಗಳಿಗೆ ಹಂಚುವ ‘ಆರ್ಟ್ಸ್ ಕೌನ್ಸಿಲ್’ ಎಂಬ ಸಂಸ್ಥೆಯ ಅನುದಾನ ತಂಡಕ್ಕೆ ಸಿಗುತ್ತದೆಯಾದರೂ ಟಿಕೆಟ್ ಮಾರಾಟ ಕೈಕೊಟ್ಟರೆ ತಂಡ ನಿಲ್ಲಲಾರದು. ಚೈಕೋವ್‌ಸ್ಕಿಯ ಸಂಗೀತವಿರುವ ‘ನಟ್‌ಕ್ರ್ಯಾಕರ್’ ಬ್ಯಾಲೆಯ ಒಂದಲ್ಲ ಒಂದು ರೂಪವನ್ನು ತಂಡವು 1950ರಿಂದ ವರ್ಷಂಪ್ರತಿ ಆಡುತ್ತ ಬಂದಿರುವುದಕ್ಕೆ ಭಕ್ತಿಯಷ್ಟೇ ಈ ಲೆಕ್ಕಾಚಾರವೂ ಕಾರಣ. ಕ್ರಿಸ್‌ಮಸ್ ಕಾಲದಲ್ಲಿ ಮಕ್ಕಳ ಸಮೇತ ಬರುವ ಕುಟುಂಬಗಳ ಟಿಕೆಟ್ ಹಣವೇ ವರ್ಷದ ಉಳಿದ ಭಾಗದಲ್ಲಿ ಅಪರಿಚಿತ ಪ್ರಯೋಗಗಳನ್ನು ಕೈಗೊಳ್ಳುವ ಧೈರ್ಯ ಕೊಡುತ್ತದೆ. ಪರಂಪರೆಯೇ ಹೊಸತನದ ಖರ್ಚನ್ನು ಹೊರುವ ಈ ಸಂಬಂಧವನ್ನು ಕಲಾಚರ್ಚೆಗಳಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ.

ಹಳೆಯದು ಎಷ್ಟು ಹಳೆಯದು?

‘ಜಿಸೆಲ್’ ಮೊದಲು ರಂಗಕ್ಕೆ ಬಂದದ್ದು 1841ರ ಜೂನ್ 28ರಂದು, ಪ್ಯಾರಿಸ್ ಒಪೇರಾದಲ್ಲಿ. ಕಥೆ ಬರೆದವರಲ್ಲಿ ಮುಖ್ಯರು ಫ್ರೆಂಚ್ ಕವಿ ತಿಯೋಫಿಲ್ ಗೋತಿಯೇ. ಪ್ರೇರಣೆ ಜರ್ಮನ್ ಕವಿ ಹೈನ್ರಿಕ್ ಹೈನೆ ಅವರು ದಾಖಲಿಸಿದ್ದ ವಿಲಿಗಳ ಐತಿಹ್ಯ. ಸಂಗೀತ ಅಡಾಲ್ಫ್ ಅದಾಂ ಅವರದು. ನೃತ್ಯ ಸಂಯೋಜನೆ ಜಾನ್ ಕೊರಾಲಿ ಮತ್ತು ಜೂಲ್ ಪೆರೋ ಅವರದು. ಜಿಸೆಲ್ ಎಂಬ ಹಳ್ಳಿ ಹುಡುಗಿ, ರೈತನ ವೇಷದಲ್ಲಿ ಬಂದ ಆಲ್‌ಬ್ರೆಕ್ಟ್ ಎಂಬ ಶ್ರೀಮಂತನನ್ನು ನಂಬಿ ಪ್ರೀತಿಸುತ್ತಾಳೆ. ಅವಳನ್ನೇ ಬಯಸುತ್ತಿದ್ದ ಹಿಲೇರಿಯನ್ ಗುಟ್ಟನ್ನು ಬಯಲು ಮಾಡಿದಾಗ ಅವಳ ಬುದ್ಧಿ ಕಲಕಿಹೋಗುತ್ತದೆ. ಅಲ್ಲಿಯೇ ಪ್ರಾಣ ಬಿಡುತ್ತಾಳೆ. ಎರಡನೆಯ ಅಂಕದಲ್ಲಿ ಅವಳು, ಮದುವೆಗೆ ಮೊದಲೇ ಸತ್ತ ಹೆಣ್ಣುಗಳ ಪ್ರೇತಗಳಾದ ವಿಲಿಗಳ ಗುಂಪು ಸೇರುತ್ತಾಳೆ. ಇರುಳಲ್ಲಿ ಕಾಡಿಗೆ ಬಂದ ಗಂಡಸರನ್ನು ಸಾಯುವವರೆಗೂ ಕುಣಿಸುವ ಆ ಗುಂಪಿನ ಕೈಯಿಂದ ಜಿಸೆಲ್ ತನ್ನನ್ನು ವಂಚಿಸಿದವನನ್ನೇ ಬೆಳಗಾಗುವತನಕ ಕಾಪಾಡುತ್ತಾಳೆ.

ಈ ಕೃತಿಯನ್ನು ಪರಂಪರೆಯ ತಿರುಳೆಂದು ಇಂದು ಪೂಜಿಸಲಾಗುತ್ತದೆ. ಆದರೆ 1868ರ ನಂತರ ಅದು ತನ್ನ ತವರಾದ ಪ್ಯಾರಿಸ್ಸಿನ ರಂಗದಿಂದಲೇ ಮರೆಯಾಗಿತ್ತು. ಅದು ಬದುಕುಳಿದದ್ದು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಅಲ್ಲಿನ ಹಿರಿಯ ನೃತ್ಯ ಸಂಯೋಜಕ ಮಾರಿಯುಸ್ ಪೆಟಿಪಾ ಅವರು ತಿದ್ದಿ, ಸೇರಿಸಿ, ಬಿಟ್ಟು ರೂಪಿಸಿದ ಪಾಠದಲ್ಲಿ. ಡಯಾಗಿಲೆವ್ ತಂಡ 1910ರಲ್ಲಿ ಅದನ್ನು ಪ್ಯಾರಿಸ್ಸಿಗೆ ಮರಳಿ ತಂದಾಗ ಫ್ರೆಂಚರು ಕಂಡದ್ದು ರಷ್ಯದ ತಿದ್ದುಪಡಿಗಳಿಂದ ಬದಲಾಗಿದ್ದ ತಮ್ಮದೇ ಕೃತಿಯನ್ನು. ನೃತ್ಯದ ಪರಂಪರೆ ಸಾಹಿತ್ಯದ ಪರಂಪರೆಯಂತೆ ಪುಸ್ತಕದಲ್ಲಿ ನಿಶ್ಚಲವಾಗಿ ನಿಲ್ಲುವುದಿಲ್ಲ; ಅದು ಗುರುವಿನ ಮೈಯಿಂದ ಶಿಷ್ಯರ ಮೈಗೆ ದಾಟುತ್ತದೆ, ದಾಟುವಾಗಲೆಲ್ಲ ಒಂದಿಷ್ಟು ಕಳೆದುಕೊಳ್ಳುತ್ತದೆ, ಒಂದಿಷ್ಟು ಪಡೆದುಕೊಳ್ಳುತ್ತದೆ.

ಈ ನಷ್ಟವನ್ನು ತಡೆಯಲು ನೃತ್ಯವನ್ನು ಬರಹಕ್ಕಿಳಿಸುವ ಲಿಪಿಗಳು ಹುಟ್ಟಿದವು. 19ನೇ ಶತಮಾನದ ಕೊನೆಯಲ್ಲಿ ರಷ್ಯದಲ್ಲಿ ಬಳಕೆಗೆ ಬಂದ ಸ್ಟೆಪನೋವ್ ಪದ್ಧತಿಯು ಸಂಗೀತದ ಸ್ವರಲಿಪಿಯನ್ನೇ ಹೋಲುವ ಚಿಹ್ನೆಗಳಲ್ಲಿ ಕೈಕಾಲುಗಳ ಚಲನೆಯನ್ನು ಗುರುತು ಹಾಕುತ್ತದೆ. ರಷ್ಯದ ಕ್ರಾಂತಿಯ ನಂತರ ದೇಶ ಬಿಟ್ಟ ನಿಕೊಲಾಯ್ ಸೆರ್ಗೆಯೆವ್ ಎಂಬ ರಂಗವ್ಯವಸ್ಥಾಪಕರು ಅಂಥ ಬರಹಗಳ ಕಟ್ಟನ್ನು ಜೊತೆಯಲ್ಲೇ ತಂದರು. ಅವುಗಳ ಆಧಾರದ ಮೇಲೆ 1934ರ ಆರಂಭದಲ್ಲಿ ಲಂಡನ್ನಿನ ವಿಕ್-ವೆಲ್ಸ್ ತಂಡವು ‘ಜಿಸೆಲ್’ ಆಡಿದಾಗ ಮುಖ್ಯ ಪಾತ್ರದಲ್ಲಿದ್ದವರು ಮಾರ್ಕೋವಾ, ಎದುರು ನಿಂತವರು ಡೋಲಿನ್. ಮುಂದೆ ಇವರಿಬ್ಬರೇ ಸ್ವಂತ ತಂಡ ಕಟ್ಟಿದ್ದರಿಂದ ‘ಜಿಸೆಲ್’ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗೆ ಹುಟ್ಟಿನಿಂದಲೇ ಬಂದ ಆಸ್ತಿಯಾಯಿತು.

ಸ್ಕೀಪಿಂಗ್ ಅವರ 1971ರ ಕೆಲಸ ಈ ಆಸ್ತಿಯ ಮೇಲೆ ಕೂತ ಧೂಳನ್ನು ಒರೆಸುವಂಥದ್ದು. ಯೌವನದಲ್ಲಿ ರಷ್ಯದ ಖ್ಯಾತ ನರ್ತಕಿ ಆನಾ ಪಾವ್ಲೋವಾ ಅವರ ತಂಡದಲ್ಲಿ ನರ್ತಿಸಿ, ಮುಂದೆ ಸ್ವೀಡನ್ನಿನ ರಾಯಲ್ ಬ್ಯಾಲೆಯನ್ನು ಮುನ್ನಡೆಸಿದ್ದ ಅವರು, ಕಾಲಾಂತರದಲ್ಲಿ ಕತ್ತರಿಸಿ ಕೈಬಿಟ್ಟಿದ್ದ ಅದಾಂ ಸಂಗೀತದ ಭಾಗಗಳನ್ನು ಹುಡುಕಿ ಮತ್ತೆ ಸೇರಿಸಿದರು. ಅವುಗಳಲ್ಲಿ ಒಂದು, ಎರಡನೆಯ ಅಂಕದ ‘ಫ್ಯೂಗ್’. ಫ್ಯೂಗ್ ಎಂದರೆ ಒಂದೇ ರಾಗದೆಳೆಯನ್ನು ಬೇರೆ ಬೇರೆ ವಾದ್ಯಗಳು ಒಂದರ ಹಿಂದೊಂದರಂತೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋಗುವ ಸಂಗೀತ ರಚನೆ. ಜಿಸೆಲ್‌ಳ ಸಮಾಧಿಯ ಶಿಲುಬೆಯ ರಕ್ಷಣೆಯಲ್ಲಿ ನಿಂತ ಪ್ರೇಮಿಗಳತ್ತ ವಿಲಿಗಳು ನುಗ್ಗಿ ಬಂದು, ಆ ಶಿಲುಬೆಯ ಶಕ್ತಿಗೆ ಹಿಮ್ಮೆಟ್ಟುವ ದೃಶ್ಯಕ್ಕೆ ಅದು ಹಿನ್ನೆಲೆ. ಈ ಭಾಗವಿಲ್ಲದ ‘ಜಿಸೆಲ್’ನಲ್ಲಿ ವಿಲಿಗಳು ಬಿಳಿ ಬಟ್ಟೆಯ ಚೆಲುವೆಯರಾಗಿ ಕಾಣುವುದೇ ಹೆಚ್ಚು, ಇದ್ದಾಗ ಅವರು ನಿಜವಾಗಿಯೂ ಅಂಜಿಕೆ ಹುಟ್ಟಿಸುತ್ತಾರೆ. ಹಳೆಯದನ್ನು ಶ್ರದ್ಧೆಯಿಂದ ಕೆದಕಿದ್ದರಿಂದ ಕೃತಿಯ ಸೌಮ್ಯತೆಯ ಬದಲು ಅದರ ಹರಿತ ಹೊರಬಂತೆಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಗೋಡೆಯ ಈಚೆಯ ಜಿಸೆಲ್

2012ರಿಂದ 2022ರವರೆಗೆ ತಂಡದ ಕಲಾ ನಿರ್ದೇಶಕಿಯಾಗಿದ್ದವರು, ಸ್ವತಃ ಅಗ್ರಶ್ರೇಣಿಯ ನರ್ತಕಿಯಾದ ಸ್ಪೇನಿನ ತಮಾರಾ ರೋಹೋ. ಮೊದಲ ಮಹಾಯುದ್ಧದ ಶತಮಾನದ ನೆನಪಿಗೆ 2014ರಲ್ಲಿ ರೂಪಿಸಿದ ಪ್ರದರ್ಶನಕ್ಕಾಗಿ ಅವರು ಅಕ್ರಮ್ ಖಾನ್ ಅವರಿಂದ ‘ಡಸ್ಟ್’ ಎಂಬ ಕಿರುಕೃತಿಯನ್ನು ಮಾಡಿಸಿದ್ದರು. ಅದರ ಯಶಸ್ಸಿನ ಮೇಲೆ ‘ಜಿಸೆಲ್’ನಂಥ ಪೂರ್ಣ ಪ್ರಮಾಣದ ಕೃತಿಯನ್ನೇ ಅವರ ಕೈಗೆ ಒಪ್ಪಿಸಿದರು. ಖಾನ್ ಹುಟ್ಟಿದ್ದು 1974ರಲ್ಲಿ ಲಂಡನ್ನಿನಲ್ಲಿ, ಬಾಂಗ್ಲಾದೇಶ ಮೂಲದ ಕುಟುಂಬದಲ್ಲಿ. ಬಾಲ್ಯದಿಂದಲೇ ಪ್ರತಾಪ್ ಪವಾರ್ ಅವರಲ್ಲಿ ಕಥಕ್ ಕಲಿತ ಅವರು ಹದಿಹರೆಯದಲ್ಲಿ ರಂಗನಿರ್ದೇಶಕ ಪೀಟರ್ ಬ್ರೂಕ್ ಅವರ ‘ಮಹಾಭಾರತ’ ರಂಗಪ್ರಯೋಗದ ಪ್ರವಾಸದಲ್ಲಿ ಪಾತ್ರ ವಹಿಸಿದ್ದರು.

2016ರ ಸೆಪ್ಟೆಂಬರ್ 27ರಂದು ಮ್ಯಾಂಚೆಸ್ಟರ್‌ನಲ್ಲಿ ಮೊದಲ ಪ್ರದರ್ಶನ ಕಂಡ ಅವರ ‘ಜಿಸೆಲ್’ನಲ್ಲಿ ದ್ರಾಕ್ಷಿ ಸುಗ್ಗಿಯ ಹಳ್ಳಿಯಿಲ್ಲ. ತೆರೆ ಸರಿದಾಗ ಕಾಣುವುದು ರಂಗದ ಅಗಲಕ್ಕೂ ಎದ್ದ ಒಂದು ಗೋಡೆ, ಅದನ್ನು ಅಂಗೈಗಳಿಂದ ನೂಕುತ್ತಿರುವ ಜನ. ಅವರು ಕೆಲಸ ಕಳೆದುಕೊಂಡ ಬಟ್ಟೆ ಕಾರ್ಖಾನೆಯ ವಲಸೆಗಾರರು. ಗೋಡೆಯ ಆಚೆ ಇರುವವರು ಕಾರ್ಖಾನೆಯ ಧಣಿಗಳು. ವಿನ್ಯಾಸಕಾರ ಟಿಮ್ ಯಿಪ್ ರೂಪಿಸಿದ ಈ ಗೋಡೆ ತಿರುಗಿ ಬಾಯಿ ತೆರೆದಾಗ, ಮೈಮುರಿದು ದುಡಿದವರ ಮಾಸಲು ಬಟ್ಟೆಗಳ ಎದುರು ಧಣಿಗಳ ಅತಿರೇಕದ ಉಡುಪುಗಳು ನಿಶ್ಚಲವಾಗಿ ನಿಲ್ಲುತ್ತವೆ. ಆ ಉಡುಪುಗಳನ್ನು ಹೊಲಿದ ಕೈಗಳು ಯಾರವೆಂದು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ. ಹಿಲೇರಿಯನ್ ಇಲ್ಲಿ ಎರಡೂ ಕಡೆ ವ್ಯವಹಾರ ಕುದುರಿಸುವ ದಳ್ಳಾಳಿ. ಜಿಸೆಲ್ ದುಃಖದಿಂದ ಹುಚ್ಚಳಾಗುತ್ತಾಳಾದರೂ, ಧಣಿಯ ಆಜ್ಞೆಯಂತೆ ಅವಳದೇ ಜನ ಅವಳನ್ನು ಸುತ್ತುಗಟ್ಟುತ್ತಾರೆ. ಗುಂಪು ಸರಿದಾಗ ಅವಳ ಹೆಣ ಬಿದ್ದಿರುತ್ತದೆ. 2013ರ ಏಪ್ರಿಲ್‌ನಲ್ಲಿ ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ಬಲ್ಲ ಪ್ರೇಕ್ಷಕರಿಗೆ ಎರಡನೆಯ ಅಂಕದ ಪಾಳು ಕಾರ್ಖಾನೆಯೂ ಅದರೊಳಗಿನ ಹೆಣ್ಣು ಪ್ರೇತಗಳೂ ಕಟ್ಟುಕಥೆಯಾಗಿ ಉಳಿಯುವುದಿಲ್ಲ.

ಇಷ್ಟೆಲ್ಲ ಬದಲಾದರೂ ಈ ಕೃತಿ ಹಳೆಯದರ ಜೊತೆಗಿನ ಮಾತುಕತೆಯನ್ನು ಎಲ್ಲಿಯೂ ಬಿಡುವುದಿಲ್ಲ. ವಿನ್ಸೆನ್ಸೊ ಲಮಾನ್ಯಾ ಅವರ ಸಂಗೀತದಲ್ಲಿ ಯಂತ್ರಗಳ ಗುಡುಗಿನ ನಡುವೆ ಅದಾಂ ಅವರ ರಾಗದ ತುಣುಕುಗಳು ತೇಲಿ ಬರುತ್ತವೆ. ಬೆರಳ ತುದಿಯ ಮೇಲೆ ನಿಲ್ಲಲು ಸಾಧ್ಯವಾಗಿಸುವ ‘ಪಾಯಿಂಟ್’ ಪಾದರಕ್ಷೆಗಳನ್ನು ಮೊದಲ ಅಂಕದಲ್ಲಿ ಯಾರೂ ತೊಡುವುದಿಲ್ಲ. ಅಲ್ಲಿ ನೆಲಕ್ಕೆ ಒತ್ತಿದ ಪಾದ, ಬಾಗಿದ ಮಂಡಿ, ಕಥಕ್‌ನ ಚಕ್ಕರುಗಳನ್ನು ನೆನಪಿಸುವ ವೇಗದ ಸುತ್ತುಗಳು. ಎರಡನೆಯ ಅಂಕದಲ್ಲಿ ವಿಲಿಗಳು ಬಂದಾಗ ಮಾತ್ರ ಆ ಪಾದರಕ್ಷೆಗಳು ಕಾಣಿಸಿಕೊಳ್ಳುತ್ತವೆ. ಕೆದರಿದ ಕೂದಲಿನ ಈ ಹೆಣ್ಣುಗಳು ಉದ್ದನೆಯ ಬಿದಿರು ಕೋಲುಗಳನ್ನು ಹಿಡಿದು, ಬೆರಳ ತುದಿಯಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತ ಬರುತ್ತಾರೆ. 1841ರಲ್ಲಿ ದೇಹವೇ ಇಲ್ಲದವರಂತೆ ತೇಲುವುದಕ್ಕೆಂದು ಬಳಸಿದ್ದ ತಂತ್ರ ಇಲ್ಲಿ ನೆಲವನ್ನು ಇರಿಯುವ ಆಯುಧವಾಗುತ್ತದೆ. ಪರಂಪರೆಯ ವ್ಯಾಕರಣವನ್ನು ಆಳವಾಗಿ ಅರಿಯದವರಿಂದ ಇಂಥ ಬಳಕೆ ಆಗಲಾರದು, ಆ ವ್ಯಾಕರಣವನ್ನು ಅರಗಿಸಿಕೊಂಡ ನರ್ತಕಿಯರಿಲ್ಲದೆ ಅದು ರಂಗದ ಮೇಲೆ ನಿಲ್ಲಲಾರದು.

ಭಾರತದ ಹಳೆಯ ನಂಟು

ಕಥಕ್ ಕಲಿತ ಕಲಾವಿದರೊಬ್ಬರು ‘ಜಿಸೆಲ್’ಗೆ ಕೈಹಾಕಿದ್ದನ್ನು ಪೂರ್ವ–ಪಶ್ಚಿಮಗಳ ಹೊಸ ಭೇಟಿಯೆಂದು ಬಣ್ಣಿಸುವವರು ಇತಿಹಾಸದ ಒಂದೆರಡು ಸಂಗತಿಗಳನ್ನು ನೆನೆಯಬೇಕು. 1838ರಲ್ಲಿ ಪುದುಚೇರಿ ಬಳಿಯ ತಿರುವೆಂದಿಪುರಂ ದೇವಾಲಯದ ದೇವದಾಸಿಯರ ಒಂದು ಮೇಳ ಪ್ಯಾರಿಸ್ ಮತ್ತು ಲಂಡನ್ನಿನಲ್ಲಿ ಪ್ರದರ್ಶನ ನೀಡಿತ್ತು. ಅವರಲ್ಲಿ ಅಮಣಿ ಎಂಬಾಕೆಯ ನೃತ್ಯವನ್ನು ಕಂಡು ಮನಸೋತು ಬರೆದವರು, ಮೂರು ವರ್ಷಗಳ ನಂತರ ‘ಜಿಸೆಲ್’ನ ಕಥೆ ಬರೆದ ಅದೇ ಗೋತಿಯೇ. ಕಾಳಿದಾಸನ ಶಾಕುಂತಲೆಯನ್ನು ಆಧರಿಸಿ 1858ರಲ್ಲಿ ಪ್ಯಾರಿಸ್ ಒಪೇರಾಕ್ಕೆ ಬ್ಯಾಲೆಯೊಂದನ್ನು ಬರೆದುಕೊಟ್ಟವರೂ ಅವರೇ.

ಇನ್ನೊಂದು ನಂಟಿಗೆ ಬೆಂಗಳೂರಿನ ಮಣ್ಣಿನ ವಾಸನೆಯಿದೆ. 1912ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಮ್‌ಗೋಪಾಲ್ ಅವರು ಕುಂಜು ಕುರುಪ್ ಅವರಲ್ಲಿ ಕಥಕಳಿಯನ್ನೂ ಮೀನಾಕ್ಷಿಸುಂದರಂ ಪಿಳ್ಳೆ ಅವರಲ್ಲಿ ಭರತನಾಟ್ಯವನ್ನೂ ಕಲಿತು, 1930ರ ದಶಕದ ಕೊನೆಯಲ್ಲಿ ಯುರೋಪಿನ ರಂಗಗಳಲ್ಲಿ ಹೆಸರು ಮಾಡಿದರು. 1960ರಲ್ಲಿ ಅವರು ‘ರಾಧಾ–ಕೃಷ್ಣ’ ಎಂಬ ಯುಗಳ ನೃತ್ಯವನ್ನು ಸಂಯೋಜಿಸಿದಾಗ ರಾಧೆಯಾಗಿ ಅವರೊಡನೆ ನರ್ತಿಸಿದವರು ಇಂಗ್ಲಿಷ್ ನ್ಯಾಷನಲ್ ಬ್ಯಾಲೆಯ ಸ್ಥಾಪಕಿಯಾದ ಅಲೀಶಿಯಾ ಮಾರ್ಕೋವಾ. ಬ್ರಿಟನ್ನಿನಲ್ಲಿ ‘ಜಿಸೆಲ್’ ಪಾತ್ರಕ್ಕೆ ಪರ್ಯಾಯಪದವೆಂಬಂತಿದ್ದ ನರ್ತಕಿ, ತನ್ನ ಐವತ್ತರ ಹರೆಯದಲ್ಲಿ ಕನ್ನಡ ನಾಡಿನಲ್ಲಿ ಹುಟ್ಟಿದ ಕಲಾವಿದನ ಎದುರು ಹೊಸದೊಂದು ಅಂಗಭಾಷೆಗೆ ಮೈಯೊಡ್ಡಿದ್ದು ಸಣ್ಣ ಸಂಗತಿಯಲ್ಲ. ಅಕ್ರಮ್ ಖಾನ್ ಬಡಿದ ಬಾಗಿಲು ಒಳಗಿನಿಂದಲೇ ಒಮ್ಮೆ ತೆರೆದಿತ್ತು.

ಎರಡನ್ನೂ ಹೊರುವ ಮೈ

ಎರಡು ಪಾಠಗಳೂ ನಿಜವಾಗಿ ಸಂಧಿಸುವುದು ನರ್ತಕರ ದಿನಚರಿಯಲ್ಲಿ. ತಂಡವು 2019ರಲ್ಲಿ ಕೆನ್ಸಿಂಗ್ಟನ್‌ನ ಹಳೆಯ ಇಕ್ಕಟ್ಟಿನ ‘ಮಾರ್ಕೋವಾ ಹೌಸ್’ ಬಿಟ್ಟು ಪೂರ್ವ ಲಂಡನ್ನಿನ ಸಿಟಿ ಐಲ್ಯಾಂಡ್‌ನ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಆದರೆ ಅಲ್ಲಿಯೂ ದಿನ ಆರಂಭವಾಗುವುದು ‘ಕ್ಲಾಸ್’ ಎಂಬ ನಿತ್ಯದ ಸಾಧನೆಯಿಂದಲೇ. ಗೋಡೆಯ ಉದ್ದಕ್ಕೂ ಇರುವ ‘ಬಾರ್’ ಎಂಬ ಮರದ ಹಿಡಿಕೆ ಹಿಡಿದು ಮಂಡಿ ಬಗ್ಗಿಸುವ ‘ಪ್ಲಿಯೆ’ಯಿಂದ ಮೊದಲುಮಾಡಿ, ಕೊನೆಗೆ ಕೋಣೆಯ ನಡುವೆ ದೊಡ್ಡ ನೆಗೆತಗಳವರೆಗೆ ಸಾಗುವ ಈ ಕ್ರಮವನ್ನು ಹೊಸಬರೂ ಪ್ರಧಾನ ನರ್ತಕರೂ ತಪ್ಪಿಸುವುದಿಲ್ಲ. ತಂಡ 1955ರಿಂದ ಆಡುತ್ತ ಬಂದಿರುವ, ಡೆನ್ಮಾರ್ಕಿನ ಹೆರಾಲ್ಡ್ ಲ್ಯಾಂಡರ್ ಅವರ ‘ಎಟ್ಯೂಡ್ಸ್’ ಎಂಬ ಕೃತಿ ಈ ನಿತ್ಯಪಾಠವನ್ನೇ ರಂಗಕ್ಕೇರಿಸಿದೆ.

ಪಾಯಿಂಟ್ ಪಾದರಕ್ಷೆಯೊಂದನ್ನು ಹತ್ತಿರದಿಂದ ನೋಡಿದರೆ ಈ ಶ್ರಮದ ಅಳತೆ ಸಿಗುತ್ತದೆ. ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟಿನಿಂದ ಗಟ್ಟಿಗೊಳಿಸಿ, ಮೇಲೆ ಸ್ಯಾಟಿನ್ ಹೊದಿಸಿದ ಅದರ ಮುಂತುದಿ, ಮೈಯ ಇಡೀ ಭಾರವನ್ನು ಒಂದು ನಾಣ್ಯಕ್ಕಿಂತ ಅಷ್ಟೇನೂ ದೊಡ್ಡದಲ್ಲದ ಜಾಗದಲ್ಲಿ ಹೊರುತ್ತದೆ. ನರ್ತಕಿ ತಾನೇ ಅದಕ್ಕೆ ಪಟ್ಟಿಗಳನ್ನು ಹೊಲಿದುಕೊಳ್ಳುತ್ತಾಳೆ, ಅಟ್ಟೆಯನ್ನು ಬಗ್ಗಿಸುತ್ತಾಳೆ, ತುದಿಯ ಸ್ಯಾಟಿನ್ ಕತ್ತರಿಸಿ ದಾರದಿಂದ ಹೆಣೆಯುತ್ತಾಳೆ, ಸದ್ದು ಬರದಿರಲೆಂದು ನೆಲಕ್ಕೆ ಬಡಿದು ಮೆದು ಮಾಡುತ್ತಾಳೆ. ಇಷ್ಟಾದ ಮೇಲೂ ಭಾರೀ ಪಾತ್ರವಿದ್ದರೆ ಒಂದು ಜೋಡಿ ಒಂದೇ ಪ್ರದರ್ಶನಕ್ಕೆ ಸತ್ತುಹೋಗುತ್ತದೆ. ಸ್ಕೀಪಿಂಗ್ ‘ಜಿಸೆಲ್’ನಲ್ಲಿ ವಿಲಿಗಳ ಎರಡು ಸಾಲುಗಳು, ಹಿಂದಕ್ಕೆ ಒಂದು ಕಾಲು ಚಾಚಿದ ‘ಅರಬೆಸ್ಕ್’ ಭಂಗಿಯಲ್ಲಿ ಇನ್ನೊಂದೇ ಕಾಲಿನ ಮೇಲೆ ಕುಪ್ಪಳಿಸುತ್ತ ಎದುರುಬದುರು ಬಂದು ಒಂದರೊಳಗೊಂದು ಹಾಯ್ದು ಹೋಗುವಾಗ ತಲೆ, ಭುಜ, ಕೈಗಳ ಕೋನ ಒಂದಿಷ್ಟೂ ಏರುಪೇರಾಗಬಾರದು. ಅದೇ ನರ್ತಕಿಯರು ಖಾನ್ ಕೃತಿಯಲ್ಲಿ ಬೆನ್ನು ಬಾಗಿಸಿ, ಭಾರವನ್ನು ನೆಲಕ್ಕಿಳಿಸಿ, ಪ್ರತಿಯೊಬ್ಬರೂ ಬೇರೆ ಬೇರೆ ಮನುಷ್ಯರೆಂದು ತೋರಬೇಕು. ಒಂದರ ಅಭ್ಯಾಸ ಇನ್ನೊಂದನ್ನು ಕೆಡಿಸುತ್ತದೆ ಎಂಬ ಭಯಕ್ಕೆ ರಂಗವೇ ಉತ್ತರ ಕೊಟ್ಟಿದೆ: ಭಾರವನ್ನು ಅರಿತ ಮೈಗೆ ತೇಲುವುದು ಒಂದು ಆಯ್ಕೆಯಾಗುತ್ತದೆ, ಬರಿಯ ರೂಢಿಯಾಗಿ ಉಳಿಯುವುದಿಲ್ಲ.

ಗಡಿಯನ್ನು ಹಿಗ್ಗಿಸಿದ ವರ್ಷಗಳು

ಖಾನ್ ಕೃತಿ ಒಂಟಿ ಸಾಹಸವಾಗಿರಲಿಲ್ಲ. 2016ರಲ್ಲೇ ರೋಹೋ ‘ಶಿ ಸೆಡ್’ ಎಂಬ ಹೆಸರಿನಲ್ಲಿ ಮೂವರು ಮಹಿಳಾ ಸಂಯೋಜಕಿಯರ ಹೊಸ ಕೃತಿಗಳನ್ನು ಒಂದೇ ಸಂಜೆ ರಂಗಕ್ಕೆ ತಂದರು. ಬ್ಯಾಲೆಯ ಮುಖ ಹೆಣ್ಣಿನದಾದರೂ ಅದನ್ನು ರೂಪಿಸುವ ಕೈ ಬಹುಪಾಲು ಗಂಡಿನದೇ ಆಗಿದ್ದ ಲೋಕದಲ್ಲಿ ಇದಕ್ಕೆ ತೂಕವಿತ್ತು. 2017ರಲ್ಲಿ ಜರ್ಮನಿಯ ಪೀನಾ ಬೌಷ್ ಅವರ ‘ರೈಟ್ ಆಫ್ ಸ್ಪ್ರಿಂಗ್’ ಕೃತಿಯನ್ನು ಆಡಿದ ಮೊದಲ ಬ್ರಿಟಿಷ್ ತಂಡವೆಂಬ ಕೀರ್ತಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗೆ ಬಂತು. ಅದೇ ರೋಹೋ 2013ರಲ್ಲಿ ‘ಕೋರ್ಸೇರ್’ ಎಂಬ 19ನೇ ಶತಮಾನದ ಕೃತಿಯನ್ನು ಪೂರ್ಣವಾಗಿ ಆಡಿಸಿದ್ದರೆಂಬುದನ್ನೂ ಮರೆಯಬಾರದು. ಅದಕ್ಕೂ ಮೊದಲು ಯಾವ ಬ್ರಿಟಿಷ್ ತಂಡವೂ ಅದನ್ನು ಇಡಿಯಾಗಿ ಆಡಿರಲಿಲ್ಲ.

ಹಳೆಯದನ್ನೂ ಹೊಸದನ್ನೂ ಬೇರೆ ಬೇರೆಯಾಗಿ ಉಳಿಸಿಕೊಳ್ಳುವ ಈ ಕ್ರಮ ಎಲ್ಲ ಕೃತಿಗಳಿಗೂ ಹೊಂದುವುದಿಲ್ಲ. ಪರದೇಶಗಳ ಜನರನ್ನು ವಿಚಿತ್ರ ಪ್ರಾಣಿಗಳಂತೆಯೋ ಕ್ರೂರಿಗಳಂತೆಯೋ ಚಿತ್ರಿಸುವ ಹಳೆಯ ಬ್ಯಾಲೆಗಳಿವೆ; ಪೆಟಿಪಾ ಅವರ 1898ರ ‘ರೇಮಂಡಾ’ದಲ್ಲಿ ಖಳನಾಯಕ ಒಬ್ಬ ಮುಸ್ಲಿಂ ಯೋಧ, ಹಿನ್ನೆಲೆ ಧರ್ಮಯುದ್ಧ. 2022ರ ಜನವರಿಯಲ್ಲಿ ರೋಹೋ ಇದನ್ನು ಕ್ರಿಮಿಯಾ ಯುದ್ಧದ ಕಾಲಕ್ಕೆ ತಂದು, ಫ್ಲಾರೆನ್ಸ್ ನೈಟಿಂಗೇಲ್ ಅವರ ಪ್ರೇರಣೆಯಿಂದ ನಾಯಕಿಯನ್ನು ದಾದಿಯನ್ನಾಗಿಸಿ, ಖಳನನ್ನು ಮಿತ್ರಪಕ್ಷದ ಅಧಿಕಾರಿಯಾಗಿ ಬದಲಾಯಿಸಿದರು. ಪೆಟಿಪಾ ಅವರ ನೃತ್ಯಭಾಗಗಳಲ್ಲಿ ಬಹಳಷ್ಟನ್ನು ಉಳಿಸಿಕೊಂಡರು. 2023ರಲ್ಲಿ ನಿರ್ದೇಶಕರಾಗಿ ಬಂದ ಆರನ್ ವಾಟ್ಕಿನ್ ಅವರು ಏರಿಯಲ್ ಸ್ಮಿತ್ ಅವರೊಡನೆ 2024ರಲ್ಲಿ ರೂಪಿಸಿದ ಹೊಸ ‘ನಟ್‌ಕ್ರ್ಯಾಕರ್’ ಕೂಡ ಇದೇ ದಾರಿಯದು. ಇನ್ನೊಬ್ಬರ ಘನತೆಗೆ ಕುಂದು ತರುವ ಭಾಗವನ್ನು ಪರಂಪರೆಯ ಹೆಸರಿನಲ್ಲಿ ಕಾಯುವುದು ಸಲ್ಲದು. ಅಲ್ಲಿ ತಿದ್ದುವ ಕೈ ಬೇಕು, ಆದರೆ ಏನನ್ನು ಏಕೆ ತಿದ್ದಲಾಯಿತೆಂದು ಹೇಳುವ ಪ್ರಾಮಾಣಿಕತೆಯೂ ಆ ಕೈಗೆ ಇರಬೇಕು.

ಈ ತಂಡದ ಅನುಭವದಿಂದ ಮೂಡುವ ನಿಲುವು ಸ್ಪಷ್ಟವಾಗಿದೆ. ಹಳೆಯ ಪಾಠವನ್ನು ಮೂಲದಷ್ಟೇ ಹರಿತವಾಗಿ ಉಳಿಸಿಕೊಂಡಿರುವುದರಿಂದಲೇ ಹೊಸ ಕೃತಿ ಯಾವುದಕ್ಕೆ ಎದುರಾಡುತ್ತಿದೆಯೆಂದು ಪ್ರೇಕ್ಷಕರು ಅಳೆಯಬಲ್ಲರು. ಹೊಸ ಕೃತಿ ಅಷ್ಟು ಗಟ್ಟಿಯಾಗಿ ಪ್ರಶ್ನೆ ಕೇಳಿದ್ದರಿಂದಲೇ ಹಳೆಯದರಲ್ಲಿ ಅಡಗಿದ್ದ ಮೇಲು–ಕೀಳಿನ ಕ್ರೌರ್ಯ, ಮೋಸಹೋದ ಹೆಣ್ಣುಗಳ ಕೋಪ ಮತ್ತೆ ಕಣ್ಣಿಗೆ ಬೀಳುತ್ತದೆ. ಇವೆರಡರಲ್ಲಿ ಒಂದನ್ನು ಕೈಬಿಟ್ಟ ಸಂಸ್ಥೆ ಖರ್ಚು ಉಳಿಸಬಹುದು, ವಿವಾದ ತಪ್ಪಿಸಬಹುದು, ಆದರೆ ಉಳಿದ ಇನ್ನೊಂದನ್ನು ಅರ್ಥಮಾಡಿಕೊಳ್ಳುವ ದಾರಿಯನ್ನೇ ತನ್ನ ಪ್ರೇಕ್ಷಕರಿಗೂ ನರ್ತಕರಿಗೂ ಮುಚ್ಚುತ್ತದೆ. ಆದ್ದರಿಂದ ರಾಷ್ಟ್ರದ ಹೆಸರು ಹೊತ್ತು, ಸಾರ್ವಜನಿಕರ ಹಣದಲ್ಲಿ ನಡೆಯುವ ಕಲಾಸಂಸ್ಥೆಯೊಂದರಿಂದ ಜನ ಕೇಳಬೇಕಾದದ್ದು ಪರಂಪರೆಯೋ ಹೊಸತನವೋ ಎಂಬ ಆಯ್ಕೆಯನ್ನಲ್ಲ, ಎರಡನ್ನೂ ಅರೆಮನಸ್ಸಿಲ್ಲದೆ ಮಾಡುವ ಶಿಸ್ತನ್ನು.